ತಲೆಕೆಳಗಾದ ಅರಣ್ಯ

ಬ್ರೆಜಿಲ್ ಎಂದೊಡನೆ ನಮ್ಮ ಮನಸ್ಸು ಅಮೆಜಾನಿನ ಮಹಾರಣ್ಯದತ್ತ ಹರಿಯುತ್ತದೆ. ಅದರ ಆಗ್ನೇಯಕ್ಕೆ, ದೇಶದ ನಡುವಣ ಪ್ರಸ್ಥಭೂಮಿಯಲ್ಲಿ ಸುಮಾರು 20 ಲಕ್ಷ ಚದರ ಕಿಲೋಮೀಟರುಗಳಷ್ಟು ಹರಡಿರುವ ಸೆರಾಡೊ ಎಂಬ ಸವನ್ನಾ ಸೀಮೆಯನ್ನು ಬಲ್ಲವರು ವಿರಳ. ಹುಲ್ಲು, ಪೊದೆ, ಸೊಟ್ಟಗೆ ಬೆಳೆದ ಗಿಡ್ಡ ಮರಗಳು ಅಲ್ಲಿನ ಸಾಮಾನ್ಯ ನೋಟ. ವರ್ಷದಲ್ಲಿ ಹಲವು ತಿಂಗಳು ಮಳೆಯಿಲ್ಲ, ಆಗಾಗ ಕಾಳ್ಗಿಚ್ಚು. ಮರಗಳು ದಪ್ಪ ತೊಗಟೆಯನ್ನು ಹೊದ್ದು ಬೆಂಕಿಯನ್ನು ತಾಳುತ್ತವೆ, ಬೇರುಗಳನ್ನು ಬಹು ಆಳಕ್ಕೆ ಇಳಿಸಿ ನೀರನ್ನು ಅರಸುತ್ತವೆ. ಮೇಲೆ ಕಾಣುವುದಕ್ಕಿಂತ ಕೆಳಗೆ ಅಡಗಿರುವುದು ಹೆಚ್ಚಾದುದರಿಂದ ಇದನ್ನು ತಲೆಕೆಳಗಾದ ಅರಣ್ಯವೆಂದು ಕರೆಯುವುದುಂಟು.

ಬರಡೆಂದು ತೋರುವ ಈ ನೆಲ ವಾಸ್ತವವಾಗಿ ನೀರಿನ ತವರು. ಸಾವೊ ಫ್ರಾನ್ಸಿಸ್ಕೊ, ಟೊಕಾಂಟಿನ್ಸ್ ನದಿಗಳು ಇಲ್ಲಿ ಹುಟ್ಟುತ್ತವೆ. ಪರಾನಾ ನದಿಯ ಮೇಲ್ಹೊಳೆಗಳೂ ಇಲ್ಲಿಯವೇ. ಬುರಿತಿ ತಾಳೆಗಳು ಸಾಲುಗಟ್ಟಿ ನಿಂತ ಇಲ್ಲಿನ ಜೌಗು ಕಣಿವೆಗೆ 'ವೆರೆಡಾ' ಎಂದು ಹೆಸರು. ಜುವಾವೊ ಗಿಮರಾಯ್ಸ್ ರೋಸಾ 1956ರಲ್ಲಿ ಪ್ರಕಟಿಸಿದ ಮಹಾಕಾದಂಬರಿಯ ಶೀರ್ಷಿಕೆಯಲ್ಲಿಯೇ ಆ ಪದವಿದೆ.

ಸಾಹಿತ್ಯ ಕೊಟ್ಟ ಮನ್ನಣೆಯನ್ನು ಶಾಸನ ಕೊಡಲಿಲ್ಲ. 1988ರಲ್ಲಿ ಅಂಗೀಕೃತವಾದ ಸಂವಿಧಾನ ರಾಷ್ಟ್ರೀಯ ಸಂಪತ್ತೆಂದು ಹೆಸರಿಸಿದ ಪ್ರದೇಶಗಳಲ್ಲಿ ಅಮೆಜಾನ್ ಉಂಟು, ಪಂತನಾಲ್ ಉಂಟು, ಸೆರಾಡೊ ಇಲ್ಲ. 2012ರ ಅರಣ್ಯ ಸಂಹಿತೆಯಂತೆ ಜಮೀನಿನ ಒಡೆಯನು ಅಮೆಜಾನಿನ ಕಾಡಿನಲ್ಲಿ ಶೇಕಡ 80ರಷ್ಟನ್ನು ಉಳಿಸಬೇಕು. ಸೆರಾಡೊದ ಬಹುಭಾಗದಲ್ಲಿ ಶೇಕಡ 20 ಸಾಕು.

ರಾಜಧಾನಿ ಬ್ರೆಸಿಲಿಯಾ 1960ರಲ್ಲಿ ಈ ಬಯಲಿನ ನಡುವೆ ಎದ್ದಿತು. 1973ರಲ್ಲಿ ಸ್ಥಾಪಿತವಾದ ಎಂಬ್ರಾಪಾ ಎಂಬ ಕೃಷಿ ಸಂಶೋಧನಾ ಸಂಸ್ಥೆ, ಇಲ್ಲಿನ ಹುಳಿಮಣ್ಣನ್ನು ಸುಣ್ಣದಿಂದ ತಿದ್ದಿ ಸೋಯಾ ಬೆಳೆಯುವ ದಾರಿ ತೋರಿತು. ಹುಲ್ಲುಗಾವಲುಗಳಲ್ಲಿ ಮೇಯುವ ನೆಲೋರ್ ದನಗಳ ಪೂರ್ವಜರು ನಮ್ಮ ನೆರೆಯ ಆಂಧ್ರದ ಒಂಗೋಲು ತಳಿಯವು. ಇದನ್ನೆಲ್ಲ ದುರಾಸೆಯೆಂದು ಹಳಿದುಬಿಡುವುದು ನ್ಯಾಯವಲ್ಲ. ಜಗತ್ತಿನ ಎಷ್ಟೋ ನಾಡುಗಳಿಗೆ ಅಲ್ಲಿಂದ ಧಾನ್ಯ ಹೋಗುತ್ತದೆ. ಆದರೆ ಸಹಜ ಸಸ್ಯರಾಶಿಯ ಅರ್ಧದಷ್ಟು ಈಗಾಗಲೇ ಅಳಿದಿದೆ. ಆಳವಾದ ಬೇರು ಹೋದ ಕಡೆ ಹೊಳೆಯ ಗತಿಯೇನು? ಮರವನ್ನು ಮತ್ತೆ ನೆಡಬಹುದು. ಶತಮಾನಗಳಿಂದ ನೆಲದೊಳಗೆ ಹೆಣೆದುಕೊಂಡ ಬೇರಿನ ಜಾಲವನ್ನು ನೆಡುವುದು ಸುಲಭವಲ್ಲ.

ಭಾಷೆಯನ್ನು ಬೋಧಿಸಿದವನಿಗೆ ಇಲ್ಲಿ ಒಂದು ಮಾತು ಹೊಳೆಯುತ್ತದೆ. ದಟ್ಟವಾದುದನ್ನು ಮಾತ್ರ ಕಾಡೆನ್ನುವವನು ಉಳಿದುದನ್ನು ಬೀಳು ಎಂದುಬಿಡುತ್ತಾನೆ. ಬೀಳೆಂದ ಮೇಲೆ ನೇಗಿಲಿಗೆ ತಡೆಯಿಲ್ಲ. ಮೈಸೂರು ಸೀಮೆಯ ಹಿರಿಯರು ಅಮೃತಮಹಲ್ ದನಗಳಿಗೆಂದು ಬಿಟ್ಟ ಹುಲ್ಲಿನ ಬಯಲನ್ನು 'ಕಾವಲು' ಎಂದರು. ಆ ಹೆಸರಿನೊಳಗೇ ಕಾಯುವ ಹೊಣೆ ಸೇರಿಕೊಂಡಿದೆ. ಸೆರಾಡೊಗೂ, ನಮ್ಮಲ್ಲಿ ಉಳಿದಿರುವ ಕಾವಲುಗಳಿಗೂ ಇಂದು ಬೇಕಾದುದು ಆ ಹೊಣೆಯೇ.