ಷೇರುಪೇಟೆಯ ನಕ್ಷೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ?
(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ನೀಡಿದ ಮಾಹಿತಿ)



"ಷೇರಿನ ನಕ್ಷೆ ನೋಡಲು ಕಲಿತರೆ ಮನೆಯಲ್ಲೇ ಕೂತು ದಿನಾ ದುಡ್ಡು ಮಾಡಬಹುದು" ಎಂಬ ಮಾತು ಈಗ ಮೊಬೈಲಿನಲ್ಲಿ ಎಲ್ಲರ ಮನೆಗೂ ಬರುತ್ತಿದೆ. ಮಕ್ಕಳು ಕೇಳುತ್ತಾರೆ, ಗಂಡಂದಿರು ಕೇಳುತ್ತಾರೆ, ಸಂಘದಲ್ಲಿ ಸಾಲವನ್ನೂ ಕೇಳುತ್ತಾರೆ. ಆದ್ದರಿಂದ ಈ ನಕ್ಷೆ ಅಂದರೆ ಏನು ಅಂತ ನಾವು ತಿಳಿದುಕೊಳ್ಳಲೇಬೇಕು.

ಅಡಿಕೆ ಧಾರಣೆ ದಿನಾ ಏರಿಳಿಯುವುದು ನಿಮಗೆ ಗೊತ್ತಿದೆ. ಪ್ರತಿದಿನದ ಧಾರಣೆಯನ್ನು ಒಂದು ಹಾಳೆಯಲ್ಲಿ ಚುಕ್ಕಿ ಇಟ್ಟು ಗೆರೆ ಎಳೆದರೆ ಗುಡ್ಡ, ತಗ್ಗು ಕಾಣುತ್ತದೆ. ಷೇರಿನ ನಕ್ಷೆಯೂ ಅಷ್ಟೇ. ಕೆಲವು ಆಕಾರಗಳು ಮತ್ತೆ ಮತ್ತೆ ಬರುತ್ತವೆ ಎಂದು ಗಮನಿಸಿದವರು ಅವಕ್ಕೆ ಹೆಸರಿಟ್ಟರು. ಅಮೆರಿಕದ ರಾಬರ್ಟ್ ಎಡ್ವರ್ಡ್ಸ್ ಮತ್ತು ಜಾನ್ ಮ್ಯಾಗಿ 1948ರಲ್ಲಿ ಈ ಬಗ್ಗೆ ಬರೆದ ಪುಸ್ತಕವನ್ನು ವ್ಯಾಪಾರಿಗಳು ಈಗಲೂ ಓದುತ್ತಾರೆ.

ಅದರಲ್ಲಿ ಹೆಸರಾದ ಆಕಾರ 'ಹೆಡ್ ಅಂಡ್ ಶೋಲ್ಡರ್ಸ್', ಅಂದರೆ ತಲೆ ಮತ್ತು ಎರಡು ಭುಜ. ಒಂದು ಷೇರು ಏರುತ್ತಾ ಬಂದು 100 ರೂಪಾಯಿ ಮುಟ್ಟಿ 90ಕ್ಕೆ ಇಳಿಯಿತು. ಇದು ಎಡ ಭುಜ. ಮತ್ತೆ 110ಕ್ಕೆ ಏರಿ 90ಕ್ಕೆ ಇಳಿಯಿತು, ಇದು ತಲೆ. ಮೂರನೇ ಸಲ 100ಕ್ಕೆ ಮಾತ್ರ ಏರಿ ಇಳಿಯಿತು. ಇದು ಬಲ ಭುಜ. ಕೊಳ್ಳುವವರ ಶಕ್ತಿ ಕುಂದಿದೆ ಎಂದು ಇದರ ಅರ್ಥ. 90ರ ಗೆರೆಗೆ 'ನೆಕ್‌ಲೈನ್' ಅಂತಾರೆ. ಬೆಲೆ ಅದಕ್ಕಿಂತ ಕೆಳಗೆ ಮುಗಿದರೆ ಮಾತ್ರ ಆಕಾರ ಪೂರ್ತಿಯಾಯಿತು ಎಂದು ಲೆಕ್ಕ. ಆಗ ಷೇರು ಇದ್ದವರು ಮಾರುತ್ತಾರೆ. ತಲೆಯಿಂದ ಗೆರೆಗೆ 20 ರೂಪಾಯಿ ಅಂತರ ಇರುವುದರಿಂದ ಬೆಲೆ ಇನ್ನೂ 20 ಇಳಿದು 70ಕ್ಕೆ ಬರಬಹುದು ಎಂದು ಅಂದಾಜು ಮಾಡುತ್ತಾರೆ.

ಇಂಗ್ಲಿಷಿನ ಡಬ್ಲ್ಯೂ ಅಕ್ಷರದ ಹಾಗೆ ಕಾಣುವುದು 'ಡಬಲ್ ಬಾಟಮ್'. ಬೆಲೆ ಎರಡು ಸಲ ಒಂದೇ ತಳ ಮುಟ್ಟಿ, ನಡುವಿನ ಎತ್ತರವನ್ನು ದಾಟಿ ಮೇಲೆ ಹೋದರೆ ಕೊಳ್ಳುವವರು ಬಂದಿದ್ದಾರೆ ಎಂದರ್ಥ. ಆ ದಿನ ವ್ಯಾಪಾರವಾದ ಷೇರುಗಳ ಸಂಖ್ಯೆಯೂ ಹೆಚ್ಚಿದ್ದರೆ ನಂಬಿಕೆ ಸ್ವಲ್ಪ ಜಾಸ್ತಿ.

ಇಲ್ಲಿ 'ಬಹುದು', 'ಅಂದಾಜು' ಅನ್ನುವ ಮಾತುಗಳನ್ನು ಗಮನಿಸಿ. ನಕ್ಷೆ ನಿನ್ನೆಯವರೆಗಿನ ಲೆಕ್ಕ, ನಾಳೆಯ ಭರವಸೆ ಅಲ್ಲ. ಗೆರೆ ದಾಟಿದ ಬೆಲೆ ಮಾರನೇ ದಿನವೇ ವಾಪಸು ಬರುವುದುಂಟು. ಅದಕ್ಕೇ ಅನುಭವಿಗಳು ಕೊಳ್ಳುವ ಮೊದಲೇ "ಇಷ್ಟಕ್ಕೆ ಇಳಿದರೆ ಮಾರಿಬಿಡುತ್ತೇನೆ" ಎಂದು ನಿಶ್ಚಯಿಸುತ್ತಾರೆ. ಇದಕ್ಕೆ 'ಸ್ಟಾಪ್ ಲಾಸ್' ಎಂದು ಹೆಸರು.

ಲೆಕ್ಕ ಮಾಡಿ ನೋಡೋಣ. ಹತ್ತು ಸಲ ವ್ಯಾಪಾರ ಮಾಡಿ ಆರು ಸಲ ತಲಾ 200 ರೂಪಾಯಿ ಹೋಯಿತು, ನಾಲ್ಕು ಸಲ ತಲಾ 400 ಬಂತು ಎನ್ನಿ. ಹೋದದ್ದು 1,200, ಬಂದದ್ದು 1,600. ದಲ್ಲಾಳಿ ಶುಲ್ಕ, ತೆರಿಗೆ ಬಿಟ್ಟು 400 ಉಳಿಯಿತು. ಆದರೆ ಒಂದೇ ಒಂದು ಸಲ "ನಾಳೆ ಏರಬಹುದು" ಎಂದು ಕಾದು 200ರ ಬದಲು 1,000 ಕಳೆದುಕೊಂಡರೆ? ಹೋದದ್ದು 2,000 ಆಯಿತು. ಲಾಭ ಹೋಗಿ 400 ನಷ್ಟ! ಇನ್ನೊಂದು ಮಾತು: 10,000 ರೂಪಾಯಿಯಲ್ಲಿ ಅರ್ಧ ಹೋದರೆ, ಉಳಿದ 5,000 ಎರಡರಷ್ಟಾದರೆ ಮಾತ್ರ ಅಸಲು ವಾಪಸು. ಆಕಾರ ಗುರುತಿಸುವುದು ಸುಲಭ. ನಷ್ಟವನ್ನು ಚಿಕ್ಕದಿರುವಾಗಲೇ ಒಪ್ಪಿಕೊಳ್ಳುವುದು ಕಷ್ಟ. ಸ್ಟಾಪ್ ಲಾಸ್ ಹಾಕಿದರೂ ರಾತ್ರೋರಾತ್ರಿ ಕೆಟ್ಟ ಸುದ್ದಿ ಬಂದರೆ ಬೆಲೆ ಅದಕ್ಕಿಂತ ಕೆಳಗೇ ತೆರೆಯಬಹುದು.

ಷೇರುಪೇಟೆಯ ಮೇಲ್ವಿಚಾರಣೆ ನಡೆಸುವ ಸೆಬಿ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಲೆಕ್ಕ ಕೇಳಿ. ದಿನದ ದಿನವೇ ಕೊಂಡು ಮಾರುವವರಲ್ಲಿ 2022-23ರಲ್ಲಿ ಹತ್ತರಲ್ಲಿ ಏಳು ಮಂದಿಗೆ ನಷ್ಟ. 'ಫ್ಯೂಚರ್ಸ್ ಅಂಡ್ ಆಪ್ಷನ್ಸ್' ಎಂಬ ವ್ಯವಹಾರದಲ್ಲಿ 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ನೂರಕ್ಕೆ 93 ಮಂದಿ ಕಳೆದುಕೊಂಡರು. ಸರಾಸರಿ ನಷ್ಟ ತಲಾ ಸುಮಾರು 2 ಲಕ್ಷ ರೂಪಾಯಿ. ಇವರಲ್ಲಿ ನಕ್ಷೆ ನೋಡಿದವರು ಇರಲಿಲ್ಲವೇ?

ಹಾಗಾದರೆ ನಾವೇನು ಮಾಡಬೇಕು?

1. ಸಂಘದ ಸಾಲ ಷೇರು ವ್ಯಾಪಾರಕ್ಕೆ ಬೇಡ. ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಬಡ್ಡಿ ಎಂದರೂ ವರ್ಷಕ್ಕೆ 12 ಆಯಿತು. ಷೇರು ಬಿದ್ದರೂ ವಾರದ ಕಂತು ನಿಲ್ಲುವುದಿಲ್ಲ. ಒಬ್ಬಳು ಕಂತು ತಪ್ಪಿಸಿದರೆ ಹೊರೆ ಎಲ್ಲರ ಮೇಲೂ ಬೀಳುತ್ತದೆ.

2. ಕಲಿಯುವ ಆಸೆ ಇದ್ದರೆ ಮೂರು ತಿಂಗಳು ದುಡ್ಡು ಹಾಕದೆ ಪುಸ್ತಕದಲ್ಲಿ ಬರೆಯಿರಿ: ಯಾವ ಆಕಾರ ಕಂಡಿತು, ಎಷ್ಟಕ್ಕೆ ಕೊಳ್ಳುತ್ತಿದ್ದೆ, ಎಷ್ಟಕ್ಕೆ ಬಿಡುತ್ತಿದ್ದೆ, ಕೊನೆಗೆ ಏನಾಯಿತು. ಸಂಘದ ಲೆಕ್ಕ ಬರೆಯುವ ನಿಮಗೆ ಇದು ಹೊಸದಲ್ಲ.

3. "ಖಚಿತ ಲಾಭ" ಅನ್ನುವವರನ್ನು ನಂಬಬೇಡಿ. ಸಲಹೆ ಕೊಡುವವರು ಸೆಬಿಯಲ್ಲಿ ನೋಂದಾಯಿಸಿದ್ದಾರೆಯೇ ಎಂದು ಕೇಳಿ. ದುಡ್ಡನ್ನು ಯಾರದೋ ಸ್ವಂತ ಖಾತೆಗೆ ಕಳುಹಿಸಬೇಡಿ. ಮೋಸ ಹೋದರೆ ನಾಚಿಕೊಂಡು ಸುಮ್ಮನಿರದೆ ತಕ್ಷಣ 1930ಕ್ಕೆ ಫೋನ್ ಮಾಡಿ.

ಮುಂದಿನ ವಾರದ ಸಭೆಯಲ್ಲಿ ಈ ವಿಷಯ ಚರ್ಚಿಸಿ, ಸಾಲದ ಉದ್ದೇಶದ ಬಗ್ಗೆ ನಿರ್ಣಯ ಬರೆದಿಡಿ. ಮನೆಯಲ್ಲಿ ಯಾರಾದರೂ ನಕ್ಷೆ ತೋರಿಸಿದರೆ ಬಯ್ಯಬೇಡಿ. "ಇದು ತಪ್ಪಾದರೆ ಎಷ್ಟು ಹೋಗುತ್ತೆ? ಆ ದುಡ್ಡು ಯಾರದು?" ಎಂದು ಕೇಳಿ. ಈ ಎರಡು ಪ್ರಶ್ನೆಗೆ ನೇರ ಉತ್ತರ ಬಾರದಿದ್ದರೆ ದುಡ್ಡು ಪೆಟ್ಟಿಗೆಯಲ್ಲೇ ಇರಲಿ.