ಊರಿಗೆ ಬಾರದ ವರದಿ



ಪರಿಸರದ ಬಗ್ಗೆ ಜನರಿಗೂ ಸರ್ಕಾರಕ್ಕೂ ಎಷ್ಟು ಅರಿವಿದೆ ಎಂಬ ವಿಷಯ ಕೊಟ್ಟಿದ್ದೀರಿ. ಇಂಥ ವೇದಿಕೆಗಳಲ್ಲಿ ಜನರಿಗೆ ತಿಳಿವಳಿಕೆ ಸಾಲದು, ಸರ್ಕಾರ ತಿಳಿಸಿಕೊಡಬೇಕು ಎಂದು ಮಾತು ಶುರುಮಾಡುವುದು ವಾಡಿಕೆ. ಪಶ್ಚಿಮಘಟ್ಟದ ಇತಿಹಾಸ ಓದಿದವರಿಗೆ ಆ ವಾಡಿಕೆಯ ಮೇಲೇ ಅನುಮಾನ ಬರುತ್ತದೆ.

ದಾಂಡೇಲಿಯ ಕಾಗದ ಕಾರ್ಖಾನೆಗೆ ಸರ್ಕಾರ ಉತ್ತರ ಕನ್ನಡದ ಕಾಡಿನ ಬಿದಿರನ್ನು ಟನ್ನಿಗೆ ಒಂದೂವರೆ ರೂಪಾಯಿಯಂತೆ ಕೊಡುತ್ತಿದ್ದ ಕಾಲವೊಂದಿತ್ತು. ಬೆಲೆ ಎನ್ನಲಿಕ್ಕೂ ನಾಚಿಕೆಯಾಗುವ ಮೊತ್ತ. ಮೆಳೆಗಳು ಬರಿದಾದಾಗ ತಪ್ಪು ಊರವರ ತಲೆಗೆ ಬಂತು: ದನ ಮೇಯಿಸಿ ಹಾಳುಮಾಡಿದರು ಎಂದು. 1970ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳ್ ಇದರ ಅಧ್ಯಯನಕ್ಕೆ ಹೋದರು. ಮೆಳೆಯ ಬುಡದ ಮುಳ್ಳನ್ನು ಸವರಿದರೆ ಬಿದಿರು ಹುಲುಸಾಗಿ ಬರುತ್ತದೆ ಎಂಬುದು ಆಗಿನ ಅಧಿಕೃತ ಪದ್ಧತಿ. ಊರವರು ಹೇಳಿದ್ದೇ ಬೇರೆ: ಆ ಮುಳ್ಳೇ ಕಳಲೆಗೆ ಬೇಲಿ, ಅದನ್ನು ತೆಗೆದರೆ ದನವೂ ಕಾಡುಪ್ರಾಣಿಯೂ ಎಳೆಯದನ್ನೆಲ್ಲ ತಿಂದುಹಾಕುತ್ತವೆ. ಪರೀಕ್ಷಿಸಿ ನೋಡಿದರೆ ಊರವರ ಮಾತೇ ನಿಜವಾಗಿತ್ತು. ಅರಿವು ಮೆಳೆಯ ಪಕ್ಕದಲ್ಲೇ ಇತ್ತು, ಕೇಳುವವರಿರಲಿಲ್ಲ, ಅಷ್ಟೆ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ಸೀಮೆಯ ಸಾಲ್ಕಣಿಯವರು ಮರಗಳನ್ನು ಕಡಿಯದಂತೆ ಅಪ್ಪಿ ನಿಂತದ್ದೂ ಯಾವ ಸರ್ಕಾರಿ ಜಾಗೃತಿ ಶಿಬಿರದ ಫಲವಲ್ಲ.

ಹಾಗಾದರೆ ಸರ್ಕಾರಕ್ಕೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ತಿಳಿದುಕೊಳ್ಳಲೆಂದೇ ಕೇಂದ್ರ ಪರಿಸರ ಸಚಿವಾಲಯ 2010ರಲ್ಲಿ ಅದೇ ಗಾಡ್ಗೀಳ್ ಅವರ ಅಧ್ಯಕ್ಷತೆಯಲ್ಲಿ ತಜ್ಞರ ಸಮಿತಿ ಮಾಡಿತು. 2011ರ ಆಗಸ್ಟ್ ಕೊನೆಗೆ ವರದಿ ಕೈಸೇರಿತು. ಇಡೀ ಘಟ್ಟವನ್ನು ಸೂಕ್ಷ್ಮ ಪ್ರದೇಶವೆಂದು ಪರಿಗಣಿಸಿ, ಮೂರು ವಲಯ ಮಾಡಿ, ಎಲ್ಲಿ ಏನಿರಬೇಕು ಎಂಬುದನ್ನು ಗ್ರಾಮಸಭೆಗಳಲ್ಲಿ ಚರ್ಚಿಸಿ ತೀರ್ಮಾನಿಸಿ ಎಂದು ಅದು ಹೇಳಿತ್ತು. ಸಚಿವಾಲಯ ವರದಿಯನ್ನು ಬೀರುವಿನಲ್ಲಿಟ್ಟಿತು. ಕೇರಳದವರೊಬ್ಬರು ಮಾಹಿತಿ ಹಕ್ಕಿನಡಿ ಕೇಳಿದರೂ ಕೊಡಲಿಲ್ಲ. ಕೇಂದ್ರ ಮಾಹಿತಿ ಆಯೋಗ ಕೊಡಿ ಎಂದರೆ ದೆಹಲಿ ಹೈಕೋರ್ಟಿಗೆ ಹೋಯಿತು. ಅಲ್ಲಿ ಸೋತಮೇಲೆ 2012ರ ಮೇ ತಿಂಗಳಲ್ಲಿ ಬಹಿರಂಗಪಡಿಸಿತು, ಅದೂ ಇಂಗ್ಲಿಷಿನಲ್ಲಿ. ಜನಜಾಗೃತಿಗೆ ಪ್ರತಿ ಜೂನ್ 5ರಂದು ಮಕ್ಕಳ ಕೈಯಲ್ಲಿ ಫಲಕ ಹಿಡಿಸುವ ವ್ಯವಸ್ಥೆ, ಜನ ಓದಬೇಕಾದ ವರದಿಯನ್ನು ಮುಚ್ಚಿಡಲು ವಕೀಲರನ್ನು ನೇಮಿಸಿತ್ತು.

ಈ ಖಾಲಿ ಜಾಗದಲ್ಲಿ ವದಂತಿ ಬೆಳೆಯಿತು. ಒಕ್ಕಲೆಬ್ಬಿಸುತ್ತಾರಂತೆ, ತೋಟಕ್ಕೆ ಔಷಧಿ ಹೊಡೆಯುವ ಹಾಗಿಲ್ಲವಂತೆ, ಮನೆಗೆ ಹೆಂಚು ಹಾಕಲೂ ಅನುಮತಿ ಬೇಕಂತೆ. ಗಾಡ್ಗೀಳ್ ವರದಿಯನ್ನು ಮರುಪರಿಶೀಲಿಸಲು ಕೇಂದ್ರ ನೇಮಿಸಿದ ಕಸ್ತೂರಿರಂಗನ್ ಸಮಿತಿ 2013ರಲ್ಲಿ ಘಟ್ಟದ ಸುಮಾರು ಶೇಕಡಾ 37ರಷ್ಟನ್ನು ಮಾತ್ರ ಉಳಿಸಿಕೊಂಡು ವರದಿಯನ್ನು ತೆಳ್ಳಗೆ ಮಾಡಿದರೂ ಭಯ ತೆಳ್ಳಗಾಗಲಿಲ್ಲ. ಆ ಸಮಿತಿಯ ವರದಿ ಆಧರಿಸಿ ಕೇಂದ್ರ ಹೊರಡಿಸಿದ ಕರಡು ಅಧಿಸೂಚನೆ ನಿಷೇಧಿಸುವುದು ಮುಖ್ಯವಾಗಿ ಗಣಿ, ಕಲ್ಲುಕ್ವಾರಿ, ಮರಳುಗಾರಿಕೆ, ಉಷ್ಣವಿದ್ಯುತ್ ಸ್ಥಾವರ, ಕೆಂಪು ಪಟ್ಟಿಯ ಕಾರ್ಖಾನೆ, 20,000 ಚದರ ಮೀಟರಿಗೆ ಮೇಲ್ಪಟ್ಟ ಕಟ್ಟಡಗಳನ್ನು. ಅಡಿಕೆ ತೋಟದವನು ಇವುಗಳಲ್ಲಿ ಯಾವುದನ್ನು ಕಟ್ಟಲು ಹೊರಟಿದ್ದ? ಆದರೂ ಬೀದಿಗಿಳಿದವನು ಅವನೇ. ಕ್ವಾರಿಯವರು ಮನೆಯಲ್ಲಿ ಕೂತಿದ್ದರು. ರೈತನ ಭಯ ಪೂರ್ತಿ ಸುಳ್ಳೆಂದು ನಾನು ಹೇಳಲಾರೆ. ಅರಣ್ಯದ ಗಡಿ ಗುರುತಿಸುವ ನೆಪದಲ್ಲಿ ತಲೆಮಾರುಗಳಿಂದ ಪೆಟ್ಟು ತಿಂದವನು ಇನ್ನೊಂದು ನಕ್ಷೆಯನ್ನು ನಂಬುವುದು ಹೇಗೆ?

2014ರಿಂದ 2024ರವರೆಗೆ ಕರಡು ಆರು ಸಲ ಹೊರಟಿತು. ನಮ್ಮ ರಾಜ್ಯದ 20,668 ಚದರ ಕಿಲೋಮೀಟರ್ ಅದರಲ್ಲಿದೆ. ನಡುವೆ 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜಾರಿದವು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಬಿತ್ತು. ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಕೊಚ್ಚಿಹೋದವು. ಮರುದಿನವೇ ಆರನೆಯ ಕರಡು ಬಂತು. ಎರಡು ತಿಂಗಳೊಳಗೆ ಕರ್ನಾಟಕದ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. ಜನರ ವಿರೋಧವಿದೆ ಎಂಬುದು ಕೊಟ್ಟ ಕಾರಣ. ಮೊದಲು ಜನರಿಂದ ಮುಚ್ಚಿಟ್ಟು, ಆಮೇಲೆ ಜನ ಒಪ್ಪಲಿಲ್ಲ ಎನ್ನುವುದು ಯಾವ ನ್ಯಾಯ?

ಈ ಸಭೆಯಲ್ಲಿ ಪಂಚಾಯಿತಿ ಸದಸ್ಯರಿದ್ದಾರೆ, ಮೇಷ್ಟ್ರುಗಳಿದ್ದಾರೆ. ನಿಮ್ಮಲ್ಲಿ ನನ್ನದೊಂದು ವಿನಂತಿ. ಮುಂದಿನ ಗ್ರಾಮಸಭೆಯಲ್ಲಿ ಕರಡಿನ ನಿಷೇಧಗಳ ಪಟ್ಟಿಯನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿಸಿ. ಊರಿನ ಯಾವ ಸರ್ವೆ ನಂಬರ್ ಒಳಗಿದೆ, ಯಾವುದು ಹೊರಗಿದೆ ಎಂಬುದನ್ನು ಲಿಖಿತವಾಗಿ ಕೇಳಿ. ಒಪ್ಪಿಗೆಯೋ ವಿರೋಧವೋ, ಓದಿದಮೇಲೆ ಠರಾವು ಬರೆಯಿರಿ.