ಪರದೆಯ ರೋಗಿ, ಮಂಚದ ರೋಗಿ



ವೈದ್ಯ ವಿದ್ಯಾರ್ಥಿಗೆ ಪುಸ್ತಕದ ಪಾಠದ ಜೊತೆಗೆ ಇನ್ನೊಂದು ಪಾಠವಿದೆ. ಅದು ವಾರ್ಡಿನಲ್ಲಿ, ರೋಗಿಯ ಮಂಚದ ಪಕ್ಕದಲ್ಲಿ ನಡೆಯುವಂಥದು. ನಾಡಿ ಹಿಡಿಯುವುದು, ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳುವುದು, ಸೂಜಿ ಚುಚ್ಚುವುದು, ಇವೆಲ್ಲ ಕೈಯಾರೆ ಮಾಡಿಯೇ ಬರಬೇಕು. ಆದರೆ ಕಲಿಯುವವರ ಮೊದಲ ತಪ್ಪುಗಳನ್ನು ಯಾರ ಮೈಮೇಲೆ ಮಾಡಿಸುವುದು? ಈ ಪ್ರಶ್ನೆಗೆ ಉತ್ತರವಾಗಿ ಮೊದಲು ಬೊಂಬೆಗಳು ಬಂದವು, ಆಮೇಲೆ ಕಂಪ್ಯೂಟರ್ ಬಂತು.

1960ರಲ್ಲಿ ನಾರ್ವೆಯ ಆಟಿಕೆ ತಯಾರಕ ಆಸ್ಮುಂಡ್ ಲೇರ್ಡಾಲ್ 'ರೆಸಸಿ ಆ್ಯನ್' ಎಂಬ ಬೊಂಬೆಯನ್ನು ಹೊರತಂದರು. ಉಸಿರು ನಿಂತವರನ್ನು ಬದುಕಿಸುವ ಕ್ರಮವನ್ನು ಅದರ ಮೇಲೆ ಅಭ್ಯಾಸ ಮಾಡಬಹುದಾಗಿತ್ತು. 1968ರಲ್ಲಿ ಅಮೆರಿಕದ ಮಯಾಮಿಯ ಡಾ. ಮೈಕೆಲ್ ಗಾರ್ಡನ್ ಅವರ 'ಹಾರ್ವೆ' ಬಂತು. ಅದು ಬೇರೆ ಬೇರೆ ಹೃದ್ರೋಗಗಳ ಸದ್ದನ್ನು ಕೇಳಿಸುವ ಬೊಂಬೆ. ಈಗಿನ ಬೊಂಬೆಗಳು ಇನ್ನೂ ಜಾಣ. ಎದೆಯನ್ನು 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತಿದ್ದೀರಾ, ನಿಮಿಷಕ್ಕೆ 100ರಿಂದ 120 ಸಲ ಒತ್ತಿದ್ದೀರಾ ಎಂಬುದನ್ನು ಪಕ್ಕದ ಪರದೆ ಆ ಕ್ಷಣವೇ ತೋರಿಸುತ್ತದೆ. ನೂರು ಸಲ ತಪ್ಪಿದರೂ ಬೊಂಬೆಗೆ ನೋವಿಲ್ಲ. ಇದು ಸಣ್ಣ ಉಪಕಾರವಲ್ಲ.

ಇನ್ನು ಮೊಬೈಲಿನಲ್ಲಿ, ಕಂಪ್ಯೂಟರಿನಲ್ಲಿ ಸಿಗುವ 'ಪರದೆಯ ರೋಗಿ'. ವಿದ್ಯಾರ್ಥಿ ಪ್ರಶ್ನೆ ಕೇಳುತ್ತಾನೆ, ರೋಗಿ ಉತ್ತರ ಕೊಡುತ್ತಾನೆ. 2020ರ ಲಾಕ್‌ಡೌನಿನಲ್ಲಿ ವಾರ್ಡಿನ ಬಾಗಿಲು ಮುಚ್ಚಿದಾಗ ವಿದ್ಯಾರ್ಥಿಗಳಿಗೆ ಇಂಥ ಪಾಠಗಳೇ ಆಸರೆಯಾದವು.

ಆದರೆ ಇಲ್ಲೊಂದು ತೊಡಕಿದೆ. ಪರದೆಯ ರೋಗಿ ಹೆಚ್ಚಾಗಿ ಇಂಗ್ಲಿಷಿನಲ್ಲಿ, ಅದೂ ಪುಸ್ತಕದ ಇಂಗ್ಲಿಷಿನಲ್ಲಿ ಮಾತಾಡುತ್ತಾನೆ. "ಎದೆನೋವು, ಎಡತೋಳಿಗೆ ಹರಡುತ್ತಿದೆ" ಎಂದು ನೀಟಾಗಿ ಹೇಳುತ್ತಾನೆ. ನಮ್ಮ ಊರಿನ ಅಜ್ಜ ಹಾಗೆ ಹೇಳುತ್ತಾರೆಯೇ? "ಗ್ಯಾಸ್ ಹಿಡಿದಿದೆ ಮಗಾ, ಏನೋ ಸಂಕಟ, ಮೈಯೆಲ್ಲ ಬೆವರು" ಎನ್ನುತ್ತಾರೆ. ಆ 'ಗ್ಯಾಸ್' ಬರೀ ಹೊಟ್ಟೆಯ ವಾಯುವಾಗಿರಬಹುದು, ಹೃದಯಾಘಾತವೂ ಆಗಿರಬಹುದು. ಮಾತಿನ ಒಳಗುಟ್ಟು ತಿಳಿದವರು ಕೂಡಲೇ ಇ.ಸಿ.ಜಿ. ತೆಗೆಸುತ್ತಾರೆ. ತಿಳಿಯದವರು ಗ್ಯಾಸಿನ ಮಾತ್ರೆ ಕೊಟ್ಟು ಮನೆಗೆ ಕಳಿಸಬಹುದು. ಒಂದು ಮಾತಿನ ಅಂತರದಲ್ಲಿ ಒಂದು ಜೀವ ನಿಂತಿರುತ್ತದೆ.

ಗಡಿನಾಡಿನವರಾದ ನಮಗೆ ಇದು ಚೆನ್ನಾಗಿ ಗೊತ್ತು. ಕಾಸರಗೋಡಿನ ಒಂದೇ ವಾರ್ಡಿನಲ್ಲಿ ಕನ್ನಡ, ತುಳು, ಮಲಯಾಳ, ಕೊಂಕಣಿ, ಬ್ಯಾರಿ ಮಾತು ಕೇಳಿಸೀತು. ದೂರದೂರಿನಿಂದ ಓದಲು ಬಂದ ಮಕ್ಕಳಿಗೆ ಇದೆಲ್ಲ ಹೊಸತು. 2019ರಲ್ಲಿ ನಮ್ಮ ದೇಶದಲ್ಲಿ ಜಾರಿಗೆ ಬಂದ ಎಂ.ಬಿ.ಬಿ.ಎಸ್. ಪಠ್ಯಕ್ರಮದಲ್ಲಿ ಇದರ ಅರಿವು ಕಾಣುತ್ತದೆ. ಮೊದಲ ತಿಂಗಳ ಬುನಾದಿ ಶಿಕ್ಷಣದಲ್ಲಿ ಭಾಷೆಗೂ ಕಂಪ್ಯೂಟರಿಗೂ ಸೇರಿಸಿ 40 ಗಂಟೆ ಇಡಲಾಯಿತು. ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದ್ದು ಒಳ್ಳೆಯದೇ ಆಯಿತು. ಈಗ ಆಗಬೇಕಾದದ್ದು ಆ ಎರಡರ ಕೂಡಿಕೆ: ಪರದೆಯ ರೋಗಿಗೆ ನಮ್ಮ ಮಾತು ಬರಬೇಕು. ಉಬ್ಬಸ, ಹೊಟ್ಟೆ ತೊಳಸು, ಕೈಕಾಲು ಜೋಮು, ಈ ಮಾತುಗಳು ನಮ್ಮ ಹಿರಿಯರ ದನಿಯಲ್ಲೇ ವಿದ್ಯಾರ್ಥಿಯ ಕಿವಿಗೆ ಬೀಳಬೇಕು. ಊರಿನ ಶಾಲೆ, ವಾಚನಾಲಯಗಳು ಇಂಥ ಮಾತುಗಳನ್ನು ಸಂಗ್ರಹಿಸಿ ಕೊಡಬಹುದು. ಅದಕ್ಕೆ ದೊಡ್ಡ ಖರ್ಚೇನೂ ಬೇಡ.

ಬೊಂಬೆ ಕೈಯನ್ನು ಪಳಗಿಸಲಿ, ಪರದೆ ಕಣ್ಣನ್ನು ಪಳಗಿಸಲಿ. ಆಮೇಲೆ ವಿದ್ಯಾರ್ಥಿ ಮಂಚದ ಪಕ್ಕಕ್ಕೆ ಬಂದು, ಸ್ಟೂಲು ಎಳೆದು ಕುಳಿತು, "ಏನಾಗ್ತಿದೆ ಅಜ್ಜಾ?" ಎಂದು ಕೇಳಲಿ. ಕೇಳಿದ ಮೇಲೆ, ಅಜ್ಜ ಹೇಳಿ ಮುಗಿಸುವವರೆಗೆ ಕಾಯಲಿ.